ಯಾವ ಎಂಜಿನಿಯರಮ್ಮ?

"ಎಂಜಿನಿಯರಮ್ಮ ಇದ್ದಾರಾ?"

ಬೆಳಿಗ್ಗೆ ಗೇಟಿನ ಹತ್ತಿರ ಯಾರೋ ಕೂಗಿದರು. ನಾನು ಹಿತ್ತಲಲ್ಲಿ ಕರಿಬೇವು ಕೀಳುತ್ತಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ಮುಂಬಾಗಿಲಿಗೆ ಬಂದೆ. ಗೇಟಿನಾಚೆ ಸೈಕಲ್ಲು ಹಿಡಿದು ಒಬ್ಬ ಮೇಸ್ತ್ರಿ ನಿಂತಿದ್ದರು. ಪ್ಯಾಂಟಿನ ತುಂಬಾ ಸಿಮೆಂಟು, ಕಿವಿಯ ಮೇಲೊಂದು ಪೆನ್ಸಿಲ್ಲು.

"ನಾನೇ. ಏನಾಗಬೇಕಿತ್ತಪ್ಪ?"

"ನೀವಲ್ಲಮ್ಮ. ಎಂಜಿನಿಯರಮ್ಮ ಬೇಕಿತ್ತು."

"ನಾನೇ ಕಣಪ್ಪ ಎಂಜಿನಿಯರಮ್ಮ. ಈ ಬೀದೀಲಿ ಯಾರನ್ನ ಬೇಕಾದ್ರೂ ಕೇಳು."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನರೆತ ತಲೆ, ಹಳೇ ವಾಯಿಲ್ ಸೀರೆ, ಕೈಯಲ್ಲಿ ಕರಿಬೇವಿನ ಕಡ್ಡಿ. ನಂಬಿಕೆ ಬರಲಿಲ್ಲ ಅಂತ ಕಾಣುತ್ತದೆ. ಆದರೂ ಹಿರಿಯಳು ಅಂತ ಮರ್ಯಾದೆ ಕೊಟ್ಟರು.

"ಹಂಗಾದ್ರೆ ಹೇಳ್ಬುಡಿ. ಪಾಯ ಎಷ್ಟು ಆಳ ತೆಗೀಲಿ?"

ಈಗೇನು ಹೇಳಲಿ? ಒಗ್ಗರಣೆಗೆ ಸಾಸಿವೆ ಎಷ್ಟು ಅಂತ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ.

ಅಷ್ಟರಲ್ಲಿ ಒಳಗಿಂದ ನನ್ನ ಸೊಸೆ ವೀಣಾ ಬಂದಳು. ತಲೆಗೆ ಟವೆಲ್ಲು ಸುತ್ತಿದ್ದಳು. "ಗಫೂರ್ ಮೇಸ್ತ್ರಿ, ನಿನ್ನೇನೇ ಹೇಳಿದ್ನಲ್ಲ? ಗಟ್ಟಿ ಸಿಗೋವರೆಗೂ ಅಗೀಬೇಕು. ನಾನು ಬಂದು ನೋಡೋ ತನಕ ಒಂದು ಕಲ್ಲೂ ಇಡಬಾರದು."

"ನಾನು ಅಗೀತೀನಿ ಮೇಡಂ. ಓನರ್ ಬುಡಬೇಕಲ್ಲ? 'ಇಷ್ಟು ಆಳ ಯಾಕೆ, ನಿಮ್ಮ ಎಂಜಿನಿಯರಮ್ಮ ಮನೆ ಕಟ್ಟಿಸ್ತಾವ್ರಾ, ಬಾವಿ ತೋಡಿಸ್ತಾವ್ರಾ' ಅಂತ ಕೇಳ್ತಾವ್ರೆ."

ಮೇಸ್ತ್ರಿ ನನ್ನ ಕಡೆ ತಿರುಗಿ ನಕ್ಕರು. ನಾನು ಕರಿಬೇವು ಹಿಡಿದುಕೊಂಡು ಒಳಗೆ ಹೋದೆ. ಕಿವಿ ಬಿಸಿಯಾಗಿತ್ತು.

ಅಡುಗೆಮನೆಯಲ್ಲಿ ಹಾಲು ಕುಡಿಯುತ್ತಾ ಕೂತಿದ್ದ ಮೊಮ್ಮಗಳು ಚಿನ್ನು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಜ್ಜಿ, ನೀನೂ ಎಂಜಿನಿಯರಾ?"

ಮಕ್ಕಳೇ, ಆ ಪ್ರಶ್ನೆಗೆ ಅವತ್ತು ಉತ್ತರ ಕೊಡಲಾಗಲಿಲ್ಲ. ಈ ವಾರದ ಅಂಕಣದಲ್ಲಿ ಕೊಡುತ್ತೇನೆ. ಚಿನ್ನು ಒಬ್ಬಳಿಗೇ ಅಲ್ಲ, ಇದನ್ನು ಓದುವ ಎಲ್ಲ ಮನೆಯ ಮೊಮ್ಮಕ್ಕಳಿಗೂ.

ನಮ್ಮ ಕಡೆ ಒಂದು ರೂಢಿ ಉಂಟು. ಮೇಷ್ಟರ ಹೆಂಡತಿ ಮೇಷ್ಟ್ರಮ್ಮ. ಡಾಕ್ಟರ ಹೆಂಡತಿ ಡಾಕ್ಟರಮ್ಮ. ಅವರು ಒಂದಕ್ಷರ ಕಲಿಸಬೇಕಿಲ್ಲ, ಒಂದು ನಾಡಿ ಹಿಡಿಯಬೇಕಿಲ್ಲ. (ನಮ್ಮ ಹಿಂದಿನ ಬೀದಿಯ ಡಾಕ್ಟರಮ್ಮ ಯಜಮಾನರು ಮನೆಯಲ್ಲಿಲ್ಲದಾಗ ಜ್ವರಕ್ಕೆ ಗುಳಿಗೆಯನ್ನೂ ಕೊಡುತ್ತಿದ್ದರು. ಎಲ್ಲರೂ ಗುಣವಾದರು ಅನ್ನಿ.) ಗಂಡ ಓದಿದ್ದು ಹೆಂಡತಿಯ ಹೆಸರಿಗೂ ಅಂಟಿಕೊಳ್ಳುತ್ತಿತ್ತು, ತಾಳಿಯ ಜೊತೆಗೇ.

ನಾನು ಇಲವಾಲದ ಕಡೆಯವಳು. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಮದುವೆಯಾಗಿ ಕೃಷ್ಣಮೂರ್ತಿಪುರಕ್ಕೆ ಬಂದ ಹೊಸತರಲ್ಲಿ ತರಕಾರಿಯವಳು ಬಾಗಿಲಿಗೆ ಬಂದು, "ಎಂಜಿನಿಯರಮ್ಮ, ಬದನೆಕಾಯಿ ಕೊಡ್ಲಾ?" ಅಂದಳು. ಯಾರನ್ನು ಕರೆಯುತ್ತಿದ್ದಾಳೆ ಅಂತ ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು, ಅಷ್ಟೇ.

ನಿಮ್ಮ ತಾತ ಸರ್ಕಾರಿ ಎಂಜಿನಿಯರು. ರಸ್ತೆ, ಸೇತುವೆ ಅಂತ ಊರೂರು ತಿರುಗಿದವರು. ಅವರು ಐದು ವರ್ಷ ಕಾಲೇಜಿನಲ್ಲಿ ಕೂತು ಪಡೆದ ಡಿಗ್ರಿಯನ್ನು ನನಗೆ ಬದನೆಕಾಯಿಯವಳು ನಿಂತ ನಿಲುವಿನಲ್ಲಿ ಕೊಟ್ಟುಬಿಟ್ಟಳು. ಬೇಡ ಅನ್ನಲಿಕ್ಕೆ ನನಗೂ ಮನಸ್ಸಾಗಲಿಲ್ಲ. ಹಳ್ಳಿಯಿಂದ ಬಂದವಳು, ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವವಳು. ಆ ಹೆಸರಿದ್ದರೆ ಬೀದಿಯಲ್ಲಿ ತಲೆ ಎತ್ತಿ ನಡೆಯಬಹುದಿತ್ತು. ಅವರು ತೀರಿಹೋದ ಮೇಲೂ ಹೆಸರು ಉಳಿಯಿತು. ಪೇಪರಿನವನಿಗೆ, ಗ್ಯಾಸಿನವನಿಗೆ, ಹೂವಿನವಳಿಗೆ ನಾನು ಇವತ್ತಿಗೂ ಎಂಜಿನಿಯರಮ್ಮನೇ.

ಇತ್ತ ನಮ್ಮ ಮನೆಗೆ ವೀಣಾ ಸೊಸೆಯಾಗಿ ಬಂದಳು. ಸಿವಿಲ್ ಎಂಜಿನಿಯರಿಂಗ್ ಓದಿದವಳು. ನನ್ನ ಮಗ ಮಹೇಶ ಬ್ಯಾಂಕಿನಲ್ಲಿ ಗುಮಾಸ್ತ. ಎಂಜಿನಿಯರಮ್ಮನಾಗಲು ಅವಳು ಯಾರನ್ನೂ ಮದುವೆಯಾಗಬೇಕಿರಲಿಲ್ಲ, ಬರುವಾಗಲೇ ಆಗಿ ಬಂದಿದ್ದಳು.

ಮೊದಮೊದಲು ಒಬ್ಬ ದೊಡ್ಡ ಎಂಜಿನಿಯರ ಆಫೀಸಿನಲ್ಲಿ ದುಡಿದಳು. ಲೆಕ್ಕ ಅವಳದು, ನಕ್ಷೆ ಅವಳದು, ಕೆಳಗೆ ಸಹಿ ಮಾತ್ರ ಅವರದು. ಈ ವರ್ಷ ಗಟ್ಟಿ ಮನಸ್ಸು ಮಾಡಿ ಆ ಕೆಲಸ ಬಿಟ್ಟಳು. ನಮ್ಮ ಮುಂದಿನ ಕೋಣೆಯಲ್ಲಿದ್ದ ನಿಮ್ಮ ತಾತನ ಹಳೇ ಮೇಜನ್ನು ಒರೆಸಿ, ತನ್ನ ಹೆಸರಿನ ಒಂದು ಪುಟ್ಟ ಬೋರ್ಡು ಬರೆಸಿಕೊಂಡು ಕೂತಳು.

ಅವಳ ಸ್ವಂತ ಹೆಸರಿನ ಮೊದಲ ಮನೆ ರಾಜೀವನಗರದಲ್ಲಿ. ಮನೆ ಕಟ್ಟಿಸುತ್ತಿರುವವರು ಶಿವಲಿಂಗಪ್ಪ ಅಂತ, ಬೆಲ್ಲದ ಮಂಡಿ ಇಟ್ಟವರು. "ಎಂಜಿನಿಯರ್ ಸಾಹೇಬ್ರ ಮನೆ ಕಣಮ್ಮ, ಅದಕ್ಕೇ ಹುಡುಕ್ಕೊಂಡು ಬಂದೆ" ಅಂತ ನಿಮ್ಮ ತಾತನ ಫೋಟೋಗೆ ಕೈ ಮುಗಿದು ಕೆಲಸ ಒಪ್ಪಿಸಿದ್ದರು. ಅಗೆಯಲು ಶುರು ಮಾಡಿದ ಮೇಲೆ ಶುರುವಾಯಿತು ತಕರಾರು. ಆ ಸೈಟು ಹಿಂದೆ ತಗ್ಗು ಜಾಗವಂತೆ. ಯಾವಾಗಲೋ ಮಣ್ಣು, ಮುರಿದ ಇಟ್ಟಿಗೆ, ಕಸ ಎಲ್ಲಾ ಸುರಿದು ಸಮ ಮಾಡಿದ್ದಾರೆ. ಮೇಲಿಂದ ನೋಡಿದರೆ ಒಳ್ಳೇ ಮೈದಾನ. ವೀಣಾ ಅಗೆಸಿದಷ್ಟೂ ಬರೀ ತುಂಬಿದ ಮಣ್ಣೇ ಬರುತ್ತಿತ್ತು.

"ಪಕ್ಕದೋರು ಸೊಂಟದುದ್ದ ತೆಗೆದು ಕಟ್ಟಿಲ್ವಾ?" ಅಂತ ಶಿವಲಿಂಗಪ್ಪ.

"ಅವರ ಗೋಡೆ ಸೀಳಿರೋದನ್ನ ನೋಡಿದ್ದೀರಾ?" ಅಂತ ವೀಣಾ.

"ಅದು ಸುಣ್ಣದ ಬಿರುಕು ಕಣಮ್ಮ."

"ಸುಣ್ಣದ ಬಿರುಕಲ್ಲಿ ನನ್ನ ಬೆರಳು ಹೋಗಲ್ಲ ಸಾರ್."

ನಮ್ಮ ವರಾಂಡದಲ್ಲೇ ನಡೆದ ಮಾತು ಇದು. ನಾನು ಕಾಫಿ ಲೋಟ ಹಿಡಿದು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಕೊನೆಗೆ ಶಿವಲಿಂಗಪ್ಪ ಕಾಫಿ ಮುಗಿಸಿ, ಲೋಟ ಕೆಳಗಿಟ್ಟು ಹೇಳಿದರು: "ನೋಡಮ್ಮ, ನಿನ್ನ ಮೇಲೆ ನಂಗೆ ಕೋಪ ಇಲ್ಲ. ಆದ್ರೆ ನೀನಿನ್ನೂ ಚಿಕ್ಕೋಳು. ನಿಮ್ಮ ಎಂಜಿನಿಯರ್ ಸಂಘದ ಫಂಕ್ಷನ್ನಲ್ಲಿ ಭಾಷಣ ಮಾಡ್ತೀನಿ ಅಂದ್ಯಲ್ಲ? ಅಲ್ಲಿ ದೊಡ್ಡೋರ ಮುಂದೆ ಇದೇ ಮಾತು ಹೇಳು. ಅವರು ಹೂಂ ಅಂದ್ರೆ ನಾನೂ ಹೂಂ. ಉಹೂಂ ಅಂದ್ರೆ ಬೇರೆ ಎಂಜಿನಿಯರ್ ನೋಡ್ಕೋತೀನಿ. ಅಲ್ಲೀತಂಕ ಪಾಯ ಹಂಗೇ ಇರ್ಲಿ."

ವೀಣಾಳ ಮುಖ ಚಿಕ್ಕದಾಯಿತು. ಮೊದಲ ಮನೆಯೇ ಅರ್ಧಕ್ಕೆ ಕೈ ತಪ್ಪಿದರೆ ಎರಡನೆಯದನ್ನು ಯಾರು ಕೊಡುತ್ತಾರೆ? "ಅವಳ ಕೈಲಿ ಆಗಲಿಲ್ಲವಂತೆ" ಅನ್ನುವ ಮಾತು ಮೈಸೂರಿನಲ್ಲಿ ಒಂದು ಸಂಜೆಯಲ್ಲಿ ಊರು ಸುತ್ತುತ್ತದೆ. ಹಾಗಂತ ಸೊಂಟದುದ್ದಕ್ಕೆ ಒಪ್ಪಿಕೊಂಡರೆ? ಅವಳ ಬೋರ್ಡು ಉಳಿಯುತ್ತದೆ, ಶಿವಲಿಂಗಪ್ಪನವರ ಗೋಡೆ ಉಳಿಯುವುದಿಲ್ಲ. ಅವಳು ಒಪ್ಪಲಿಲ್ಲ.

ಈಗ ಸಂಘದ ಮಾತು ಹೇಳಬೇಕು.

ನಮ್ಮೂರಿನ ಎಂಜಿನಿಯರುಗಳದ್ದೊಂದು ಸಂಘ ಇದೆ. ನಿಮ್ಮ ತಾತನೂ ಅದರ ಸದಸ್ಯರಾಗಿದ್ದರು. ತಿಂಗಳಿಗೊಂದು ಉಪನ್ಯಾಸ, ಆಮೇಲೆ ಬೋಂಡ ಕಾಫಿ, ಆಮೇಲೆ ಕಾರ್ಪೊರೇಷನ್ ರಸ್ತೆಗಳನ್ನು ಬೈಯುವುದು. ಸಂಘಕ್ಕೆ ಸ್ವಂತ ಹಾಲ್ ಇದೆ. ಮಳೆಗಾಲದಲ್ಲಿ ಅದರ ಒಂದು ಮೂಲೆಗೆ ಬಕೆಟ್ ಇಡುತ್ತಾರೆ. ಯಾಕೆ ಸೋರುತ್ತದೆ ಅನ್ನುವುದನ್ನು ಅಷ್ಟೂ ಜನ ಎಂಜಿನಿಯರುಗಳು ಸೇರಿ ಇನ್ನೂ ಚರ್ಚಿಸುತ್ತಿದ್ದಾರೆ. (ನಗಬೇಡಿ. ನಿಮ್ಮ ತಾತನೂ ಆ ಚರ್ಚೆಯಲ್ಲಿದ್ದರು.)

ವರ್ಷಕ್ಕೊಮ್ಮೆ ಎಂಜಿನಿಯರುಗಳ ದಿನಾಚರಣೆ. ಅವತ್ತು ನಮ್ಮಂಥವರಿಗೂ ಕರೆ ಬರುತ್ತದೆ. "ಲೇಡೀಸ್ ಕಮಿಟಿ" ಅಂತ ಹೆಸರು. ಗಂಡಸರು ವೇದಿಕೆಯ ಮೇಲೆ ಅಣೆಕಟ್ಟು, ಸೇತುವೆ ಅಂತ ಮಾತಾಡುವಾಗ ನಾವು ಬಾಗಿಲಲ್ಲಿ ರಂಗೋಲಿ ಬಿಡುತ್ತೇವೆ, ಬಂದವರಿಗೆ ಕುಂಕುಮ ಕೊಡುತ್ತೇವೆ. ನಿಮ್ಮ ತಾತ ಹೋದ ಮೇಲೆ ಕುಂಕುಮದ ತಟ್ಟೆ ಬೇರೆಯವರ ಕೈಗೆ ಹೋಯಿತು. ನನಗೆ ಅಡುಗೆಯವರ ಮೇಲ್ವಿಚಾರಣೆ. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಾನಾಗಿ ಆಗಿಹೋಯಿತು. ಇಂಥವು ಯಾವಾಗಲೂ ತಾನಾಗೇ ಆಗುತ್ತವಲ್ಲ?

ವೀಣಾ ಆ ಸಂಘಕ್ಕೆ ತನ್ನ ಹೆಸರಿನಲ್ಲೇ ಸದಸ್ಯೆಯಾದಳು. ಈ ವರ್ಷದ ದಿನಾಚರಣೆಯಲ್ಲಿ ಅಧ್ಯಕ್ಷರು ಅವಳಿಗೇ ಒಂದು ಉಪನ್ಯಾಸ ಕೊಡಲು ಹೇಳಿದರು. ಅಧ್ಯಕ್ಷರು ರಿಟೈರಾದ ಚೀಫ್ ಎಂಜಿನಿಯರು, ಒಳ್ಳೆಯ ಮನುಷ್ಯರು. ವಿಷಯ: ತುಂಬಿದ ನೆಲದಲ್ಲಿ ಮನೆಯ ಪಾಯ. ಅವಳು ವಾರಗಟ್ಟಲೆ ಕೂತು ಪ್ಲಾಸ್ಟಿಕ್ ಹಾಳೆಗಳ ಮೇಲೆ ಬಣ್ಣದ ಪೆನ್ನಿನಿಂದ ಚಿತ್ರ ಬರೆದಳು. ಓಎಚ್‌ಪಿ ಅಂತ ಒಂದು ಪೆಟ್ಟಿಗೆ ಇರುತ್ತದೆ. ಅದರ ಮೇಲೆ ಆ ಹಾಳೆ ಇಟ್ಟರೆ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತದೆ. ಚಿನ್ನುವಿಗೆ ಆ ಪೆನ್ನುಗಳ ಮೇಲೆ ಕಣ್ಣು. ಅವಳನ್ನು ದೂರ ಇಡುವುದೇ ನನಗೊಂದು ಕೆಲಸವಾಗಿತ್ತು.

ಕಾರ್ಡು ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು. ವೀಣಾ ಸೈಟಿಗೆ ಹೋಗಿದ್ದಳು. ನಾನೇ ಬಿಡಿಸಿ ಓದಿದೆ. ಸ್ವಾಗತ, ಪ್ರಾರ್ಥನೆ, ಅಧ್ಯಕ್ಷರ ನುಡಿ. ಅದರ ಕೆಳಗೆ:

"ಸವಿನೆನಪು: ಶ್ರೀಮತಿ ಗೌರಮ್ಮನವರು, ದಿವಂಗತ ಎಂಜಿನಿಯರರ ಧರ್ಮಪತ್ನಿ. ಹದಿನೈದು ನಿಮಿಷ."

ಗೌರಮ್ಮ ಅಂದರೆ ನಾನು.

ನಿಜ ಹೇಳಲಾ? ಮೊದಲು ಖುಷಿಯಾಯಿತು. ಮದುವೆ ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರು ಇನ್ನೆಲ್ಲೂ ಅಚ್ಚಾಗಿರಲಿಲ್ಲ. ಬೆರಳಿಂದ ಒಮ್ಮೆ ಸವರಿ ನೋಡಿದೆ. ಆಮೇಲೆ ಕೆಳಕ್ಕೆ ಓದುತ್ತಾ ಹೋದೆ. ವೀಣಾಳ ಹೆಸರು ಸಿಕ್ಕಿತು, ಕೊನೆಯ ಸಾಲಿನಲ್ಲಿ. "ರಂಗೋಲಿ ಸ್ಪರ್ಧೆ. ತೀರ್ಪುಗಾರರು: ಶ್ರೀಮತಿ ವೀಣಾ ಮಹೇಶ್." ಉಪನ್ಯಾಸದ ಸುದ್ದಿಯೇ ಇಲ್ಲ.

ಸಂಜೆ ವೀಣಾ ಕಾರ್ಡು ಓದಿದಳು. ಬರೆದಿಟ್ಟ ಹಾಳೆಗಳನ್ನೆಲ್ಲ ಜೋಡಿಸಿ ಬೀರುವಿನ ಮೇಲಿಟ್ಟಳು.

"ಹೋಗ್ಲಿ ಬುಡು ವೀಣಾ, ಮುಂದಿನ ವರ್ಷ ಮಾತಾಡಿದ್ರಾಯ್ತು" ಅಂದ ಮಹೇಶ. ಒಳ್ಳೆಯ ಮಾತು ಅಂದುಕೊಂಡೇ ಅಂದ, ಪಾಪ.

"ಪಾಯ ಮುಂದಿನ ವರ್ಷದ ತನಕ ಕಾಯಲ್ಲ ಕಣ್ರೀ."

ಮರುದಿನ ನಾನೇ ಸಂಘಕ್ಕೆ ಫೋನ್ ಮಾಡಿದೆ. ಫೋನೆತ್ತಿದವರು ಕಾರ್ಯದರ್ಶಿ ಪುಟ್ಟಸ್ವಾಮಿ. ನಿಮ್ಮ ತಾತನ ಕೈಕೆಳಗೆ ಕೆಲಸ ಕಲಿತವರು, ನಮ್ಮನೆಯಲ್ಲಿ ಎಷ್ಟೋ ಸಲ ಉಂಡವರು.

"ಅಯ್ಯೋ, ತಪ್ಪೇನಾಯ್ತಮ್ಮ? ಅಧ್ಯಕ್ಷರು ಫೋನ್ ಮಾಡಿ, ಕೃಷ್ಣಮೂರ್ತಿಪುರಂ ಎಂಜಿನಿಯರಮ್ಮಂಗೆ ಹದಿನೈದು ನಿಮಿಷ ಕೊಡಿ ಅಂದ್ರು. ಕೊಟ್ಟೆ. ಎಂಜಿನಿಯರಮ್ಮ ಅಂದ್ರೆ ನೀವೇ ಅಲ್ವೇ?"

ನೋಡಿದಿರಾ ಮಕ್ಕಳೇ? ಒಂದೇ ಹೆಸರು, ಒಂದೇ ಮನೆ, ಇಬ್ಬರು ಹೆಂಗಸರು. ಅಧ್ಯಕ್ಷರು ಒಬ್ಬಳನ್ನು ನೆನೆದು ಹೇಳಿದರು, ಕಾರ್ಯದರ್ಶಿ ಇನ್ನೊಬ್ಬಳನ್ನು ನೆನೆದು ಬರೆದುಕೊಂಡರು. ತರಕಾರಿಯವಳು ಕೊಟ್ಟ ಡಿಗ್ರಿ ಕಾಲೇಜು ಕೊಟ್ಟ ಡಿಗ್ರಿಯನ್ನು ಪಕ್ಕಕ್ಕೆ ತಳ್ಳಿ ಕಾರ್ಡಿನ ಮೇಲೆ ಕೂತುಬಿಟ್ಟಿತು.

"ಅದು ವೀಣಾ ಮಾತಾಡಬೇಕಿದ್ದ ಜಾಗ ಕಣಪ್ಪ ಪುಟ್ಟಸ್ವಾಮಿ."

"ಹೌದಾ? ಛೆ. ಕಾರ್ಡೆಲ್ಲಾ ಹಂಚಿಬಿಟ್ವಲ್ಲ. ಈಗ ಬದಲಾಯಿಸಿದ್ರೆ ನಿಮ್ಮನ್ನ ತೆಗೆದಂಗಾಗುತ್ತೆ, ಹಿರೀರಿಗೆ ಅವಮಾನ. ಮತ್ತೆ ವೀಣಾ ಮೇಡಂಗೆ ರಂಗೋಲಿ ಜಡ್ಜ್ ಕೊಟ್ಟಿದ್ದೀವಲ್ಲಮ್ಮ? ಅದೂ ಡ್ರಾಯಿಂಗೇ ತಾನೆ?"

ನಾನು ಸಾಮಾನ್ಯವಾಗಿ ಇಂಥ ಕಡೆ ಫೋನ್ ಇಟ್ಟುಬಿಡುವವಳು. ಅವತ್ತು ಇಡಲಿಲ್ಲ. "ಡ್ರಾಯಿಂಗೇ ತಾನೆ" ಅನ್ನುವ ಮಾತು ಎಲ್ಲೋ ಚುಚ್ಚಿತು.

"ಹಂಗಾದ್ರೆ ಆ ಹದಿನೈದು ನಿಮಿಷ ನಂದೇನಾ?"

"ನಿಮ್ದೇ ಕಣಮ್ಮ."

"ಏನು ಬೇಕಾದ್ರೂ ಮಾಡಬಹುದಾ?"

"ಧಾರಾಳವಾಗಿ. ಹಾಡು ಬೇಕಾದ್ರೂ ಹೇಳಿ."

"ಸರಿ. ನಂಗೆ ಆ ಗೋಡೆ ಮೇಲೆ ಬೆಳಕು ಬಿಡೋ ಪೆಟ್ಟಿಗೆ ಬೇಕು."

"ಓಎಚ್‌ಪಿನಾ? ನಿಮಗ್ಯಾಕಮ್ಮ?"

"ನೆನಪು ಮಾಡಿಸೋಕೆ" ಅಂದೆ. ಸುಳ್ಳೇನಲ್ಲ. ಯಾರ ನೆನಪು ಅಂತ ಅವರು ಕೇಳಲಿಲ್ಲ.

ವೀಣಾಳಿಗೆ ನನ್ನ ಉಪಾಯ ಹೇಳಲಿಲ್ಲ. ಹೇಳಿದ್ದರೆ ಅವಳು ಬರುತ್ತಲೇ ಇರಲಿಲ್ಲ. "ನಾನು ಬೇಡ್ಕೊಂಡು ಸ್ಟೇಜ್ ಹತ್ತೋಳಲ್ಲ ಅತ್ತೆ. ರಂಗೋಲಿ ನೋಡೋಕೂ ಬರಲ್ಲ" ಅಂತ ಮೊದಲೇ ಹೇಳಿಬಿಟ್ಟಿದ್ದಳು. ನನಗೂ ಹಟ ಬಂತು. "ನನ್ನ ಮಾತು ಕೇಳೋಕಾದ್ರೂ ಬಾ. ಮೈಕ್ ಮುಂದೆ ತಲೆ ಸುತ್ತಿ ಬಿದ್ರೆ ಹಿಡಿಯೋರು ಯಾರು?" ಅಂದೆ. ಅದು ಮಾತ್ರ ಅಪ್ಪಟ ಸತ್ಯ. ಅವಳು ಬರುತ್ತೇನೆಂದಳು.

ಕಾರ್ಡು ಶಿವಲಿಂಗಪ್ಪನವರಿಗೂ ಹೋಗಿತ್ತು. ಅವರ ಫೋನು ಬಂದಾಗ ನಾನೇ ಎತ್ತಿದೆ. "ಏನಮ್ಮ, ನಿಮ್ಮ ಸೊಸೆ ಭಾಷಣ ಇದೆ ಅಂದ್ರು, ಇಲ್ಲಿ ನೋಡಿದ್ರೆ ಬರೀ ರಂಗೋಲಿ. ಸಂಘದೋರೇ ಬ್ಯಾಡ ಅಂದ್ರಾ?"

"ತಪ್ಪದೆ ಬನ್ನಿ ಶಿವಲಿಂಗಪ್ಪನೋರೆ. ಹೆಸರಿಲ್ಲ, ಮಾತಿದೆ."

ದಿನಾಚರಣೆಯ ದಿನ ಆ ಹಾಳೆಗಳನ್ನು ಮಡಿಚದೆ ಒಯ್ಯುವುದು ಹೇಗೆ? ಬೀರುವಿನಿಂದ ನನ್ನ ರೇಷ್ಮೆ ಸೀರೆಯ ರಟ್ಟಿನ ಡಬ್ಬ ತೆಗೆದೆ. ಅಳತೆಗೆ ಮಾಡಿಸಿದ ಹಾಗೆ ಕೂತವು. ಆಟೋದಲ್ಲಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. "ಇದೇನತ್ತೆ, ಯಾರಿಗೆ ಸೀರೆ?" ಅಂದಳು ವೀಣಾ. "ಒಬ್ಬರಿಗೆ ಕೊಡೋದಿದೆ" ಅಂದೆ.

ಹಾಲ್ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಸಫಾರಿ ಸೂಟಿನ ಹಿರಿಯರು. ಬಲಗಡೆ ಗೋಡೆಯ ಪಕ್ಕ ನಾವು, ಲೇಡೀಸ್ ಕಮಿಟಿ. ಹಿಂದಿನ ಸಾಲಿನಲ್ಲಿ ಶಿವಲಿಂಗಪ್ಪ ಕೈಕಟ್ಟಿ ಕೂತಿದ್ದರು. ಅವರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಫೂರ್ ಮೇಸ್ತ್ರಿ. ವೇದಿಕೆಯ ಕೆಳಗೆ ಒಂದು ಮೇಜು, ಅದರ ಮೇಲೆ ನಾನು ಕೇಳಿದ ಪೆಟ್ಟಿಗೆ. ಪುಟ್ಟಸ್ವಾಮಿ ಮಾತಿಗೆ ತಪ್ಪಿರಲಿಲ್ಲ.

"ಈಗ, ನಮ್ಮೆಲ್ಲರ ಅಚ್ಚುಮೆಚ್ಚಿನ ಎಂಜಿನಿಯರಮ್ಮನವರು..."

ಚಪ್ಪಾಳೆ. ನಾನು ಎದ್ದೆ. ಸೀರೆ ಡಬ್ಬ ಒಯ್ದು ಆ ಪೆಟ್ಟಿಗೆಯ ಪಕ್ಕ ಇಟ್ಟೆ. ಮೈಕಿನ ಮುಂದೆ ನಿಂತರೆ ಎದುರಿಗಿದ್ದ ಮುಖಗಳೆಲ್ಲ ಒಂದೇ ಥರ ಕಂಡವು. ಶಾಲೆಯಲ್ಲಿ ಇನ್‌ಸ್ಪೆಕ್ಟರು ಬಂದಾಗ ಮಗ್ಗಿ ಮರೆತು ನಿಂತಿದ್ದ ಹುಡುಗಿ ನೆನಪಾದಳು.

"ಎಲ್ಲರಿಗೂ ನಮಸ್ಕಾರ" ಅಂದೆ. ನನಗೇ ಕೇಳಿಸಲಿಲ್ಲ.

"ಗಟ್ಟಿಯಾಗಿ ಹೇಳಿ ಅಮ್ಮ, ಗಟ್ಟಿಯಾಗಿ!" ಅಂತ ಹಿಂದಿನಿಂದ ಯಾರೋ ಕೂಗಿದರು. ಹಾಲ್ ನಕ್ಕಿತು.

ಗಟ್ಟಿ. ವೀಣಾ ಮೇಸ್ತ್ರಿಗೆ ಹೇಳಿದ ಮಾತು ನೆನಪಿಗೆ ಬಂತು. ಗಟ್ಟಿ ಸಿಗೋವರೆಗೂ ಅಗೀಬೇಕು. ನಾನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಮದುವೆಯಾಗಿ ಬಂದಾಗಿನಿಂದ ನೀವೆಲ್ಲಾ ನನ್ನನ್ನ ಎಂಜಿನಿಯರಮ್ಮ ಅಂತೀರಿ. ನಂಗೂ ಚೆನ್ನಾಗಿತ್ತು. ಆದ್ರೆ ಮೊನ್ನೆ ಒಬ್ಬರು ಮೇಸ್ತ್ರಿ ಬಂದು, ಪಾಯ ಎಷ್ಟು ಆಳ ಅಂತ ನನ್ನ ಕೇಳಿದ್ರು. ನಂಗೆ ಗೊತ್ತಿರಲಿಲ್ಲ. ಗೊತ್ತಿರೋಳು ನಮ್ಮನೇಲೇ ಇದ್ಲು. ನೀವು ಕಾರ್ಡಲ್ಲಿ ಹದಿನೈದು ನಿಮಿಷ ಎಂಜಿನಿಯರಮ್ಮಂಗೆ ಅಂತ ಕೊಟ್ಟಿದ್ದೀರಿ. ಸರಿಯಾಗೇ ಕೊಟ್ಟಿದ್ದೀರಿ, ಹೆಸರು ಅಚ್ಚಾಗೋವಾಗ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ, ಅಷ್ಟೇ. ವೀಣಾ, ಬಾಮ್ಮ."

ವೀಣಾ ಕೂತಲ್ಲೇ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ಸಿಟ್ಟೋ ಅಳುವೋ ತಿಳಿಯಲಿಲ್ಲ. ನಾನು ಸೀರೆ ಡಬ್ಬದ ಮುಚ್ಚಳ ತೆಗೆದು ಅವಳ ಕಡೆ ಹಿಡಿದೆ. ಮೇಲಿನ ಹಾಳೆಯಲ್ಲಿ ಅವಳು ಬರೆದ ಬಣ್ಣದ ಗೆರೆಗಳು ಕಾಣಿಸುತ್ತಿದ್ದವು.

ಅವಳು ಎದ್ದು ಬಂದಳು. ಡಬ್ಬ ತೆಗೆದುಕೊಳ್ಳುವಾಗ ಪಿಸುಗುಟ್ಟಿದಳು: "ಮನೆಗೆ ಬನ್ನಿ, ನಿಮಗಿದೆ."

ನಾನು ಹೋಗಿ ನನ್ನ ಜಾಗದಲ್ಲಿ ಕೂತೆ. ಅವಳು ಹಾಳೆ ಇಟ್ಟು ದೀಪ ಹೊತ್ತಿಸಿದಳು. ಗೋಡೆಯ ಮೇಲೆ ರಾಜೀವನಗರದ ನೆಲ ಸೀಳಿ ನಿಂತಿತು. ಮೇಲೆ ಕಸ, ಇಟ್ಟಿಗೆ ಚೂರು. ಅದರ ಕೆಳಗೆ ಮೆತ್ತಗಿನ ಕಪ್ಪು ಮಣ್ಣು. ಅದರ ಕೆಳಗೆ, ಎಲ್ಲೋ ಆಳದಲ್ಲಿ, ಗಟ್ಟಿ ನೆಲ. ಸೊಂಟದುದ್ದದ ಪಾಯ ಎಲ್ಲಿ ನಿಲ್ಲುತ್ತದೆ ಅಂತ ಕೆಂಪು ಗೆರೆ ಎಳೆದಿದ್ದಳು. ಅದು ಕಸದ ನಡುವೆಯೇ ನಿಂತಿತ್ತು. ನನಗೂ ಅರ್ಥವಾಯಿತು. ಕಸದ ಬುಟ್ಟಿಯ ಮೇಲೆ ಯಾರಾದರೂ ರುಬ್ಬುವ ಕಲ್ಲು ಇಡುತ್ತಾರೆಯೇ?

ಮುಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿ ಎದ್ದು ನಿಂತರು. "ನಾವು ಇದಕ್ಕಿಂತ ಕಮ್ಮಿ ಆಳದಲ್ಲಿ ಎಷ್ಟು ಕಟ್ಟಿಲ್ಲಮ್ಮ? ಎಲ್ಲಾ ನಿಂತಿವೆ."

"ತುಂಬಿದ ನೆಲದಲ್ಲಿ ಕಟ್ಟಿದ್ರಾ ಸಾರ್?"

ಅವರು ಯೋಚಿಸಿದರು. "ಇಲ್ಲ. ಅದು ಮೊದಲಿಂದ ಇದ್ದ ನೆಲ." ಅಷ್ಟು ಹೇಳಿ ಕೂತರು. ನೇರವಾಗಿ ಒಪ್ಪಿಕೊಂಡ ಆ ಹಿರಿಯರ ಮೇಲೆ ನನಗೆ ಗೌರವ ಬಂತು.

ಪುಟ್ಟಸ್ವಾಮಿ ಗಂಟೆ ಬಾರಿಸಿದರು. "ಮೇಡಂ, ಟೈಮ್ ಆಯ್ತು."

ಎಲ್ಲಿಂದ ಬಂತೋ ಧೈರ್ಯ, ಕೂತಲ್ಲಿಂದಲೇ ಹೇಳಿದೆ: "ಆ ಟೈಮು ನಂದು ಪುಟ್ಟಸ್ವಾಮಿ. ಮುಗೀತು ಅಂತ ನಾನಿನ್ನೂ ಅಂದಿಲ್ಲ." ಈ ಸಲ ಮೈಕಿಲ್ಲದೆ ಹಿಂದಿನ ಸಾಲಿಗೂ ಕೇಳಿಸಿತು. ಹಾಲ್ ಮತ್ತೆ ನಕ್ಕಿತು. ಪುಟ್ಟಸ್ವಾಮಿಯೂ ನಕ್ಕು ಗಂಟೆಯನ್ನು ಮೇಜಿನ ಕೆಳಗಿಟ್ಟರು.

ವೀಣಾ ಮುಗಿಸಿದ ಮೇಲೆ ಶಿವಲಿಂಗಪ್ಪ ಎದ್ದು ನಿಂತರು. ಸಂಘದ ಸದಸ್ಯರಲ್ಲ, ಆದರೂ ಎದ್ದರು. "ಸ್ವಾಮಿ, ಆ ಸೈಟು ನಂದು. ಈ ಹುಡುಗಿ ಹೇಳಿದ್ದು ಸರಿನೋ ತಪ್ಪೋ, ನೀವು ದೊಡ್ಡೋರು ಒಂದು ಮಾತು ಹೇಳ್ಬುಡಿ."

ಅಧ್ಯಕ್ಷರು ಕನ್ನಡಕ ತೆಗೆದು ಸಭೆಯ ಕಡೆ ನೋಡಿದರು. "ತಪ್ಪು ಅನ್ನೋರು ಯಾರಾದ್ರೂ ಇದ್ರೆ ಎದ್ದು ಕಾರಣ ಹೇಳಿ."

ಯಾರೂ ಏಳಲಿಲ್ಲ. ಹಿಂದಿನಿಂದ ಬೋಂಡದ ವಾಸನೆ ಮಾತ್ರ ಬರುತ್ತಿತ್ತು.

"ನೋಡಿ, ನಿಮಗೆ ಉತ್ತರ ಸಿಕ್ತು" ಅಂದರು ಅಧ್ಯಕ್ಷರು.

ಶಿವಲಿಂಗಪ್ಪ ವೀಣಾಳ ಕಡೆ ತಿರುಗಿದರು. "ಏನಮ್ಮ, ಒಂಚೂರೂ ಕಮ್ಮಿ ಮಾಡೋಕಾಗಲ್ವಾ?"

"ಆಗಲ್ಲ ಸಾರ್."

ಅಷ್ಟೇ. ನಯವಾಗಿ ಸುತ್ತಿ ಬಳಸಿ ಹೇಳಬಹುದಿತ್ತು. ಹೇಳಲಿಲ್ಲ. ಶಿವಲಿಂಗಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಬೋಂಡವನ್ನೂ ತಿನ್ನಲಿಲ್ಲ.

ಮನೆಗೆ ಬಂದ ಮೇಲೆ ವೀಣಾ ಹೇಳಿದಂತೆಯೇ ನನಗೆ ಆಯಿತು. "ಹೇಳದೆ ಕೇಳದೆ ಹಿಂಗೆ ಮಾಡೋದಾ ಅತ್ತೆ? ಗಾಬರೀಲಿ ಎರಡನೇ ಹಾಳೆ ತಲೆಕೆಳಗಾಗಿ ಇಟ್ಟಿದ್ದೆ" ಅಂತ ರೇಗಿದಳು. "ನಂಗೆ ಗೊತ್ತೇ ಆಗಲಿಲ್ಲ ಕಣಮ್ಮ" ಅಂದೆ. ಅವಳಿಗೆ ನಗು ಬಂತು. ನಕ್ಕವಳು ಹಾಗೇ ನನ್ನ ಭುಜಕ್ಕೆ ತಲೆ ಇಟ್ಟಳು. "ಅವರು ಬರಲಿಲ್ಲ ಅಂದ್ರೆ?" ಅಂದಳು. "ಬರದಿದ್ರೆ ಬೇರೆ ಯಾರಾದ್ರೂ ಬರ್ತಾರೆ. ಬೋರ್ಡ್ ಮಾತ್ರ ಇಳಿಸಬೇಡ" ಅಂದೆ.

ಆಮೇಲಿನ ದಿನಗಳು ಹೇಗೆ ಕಳೆದವೋ. ವೀಣಾ ಮೇಜಿನ ಮುಂದೆ ಕೂರುವಳು, ಏಳುವಳು. ಫೋನು ಬಡಿದುಕೊಂಡರೆ ಮನೆಯೆಲ್ಲಾ ಓಡುತ್ತಿತ್ತು. ಒಮ್ಮೆ ರಾಂಗ್ ನಂಬರು, ಒಮ್ಮೆ ಗ್ಯಾಸಿನವನು. ಸಂಜೆ ಮಳೆ ಬಂದರೆ ಅವಳು ಕಿಟಕಿಯಲ್ಲಿ ನಿಂತು, ಮುಚ್ಚದೆ ಬಿಟ್ಟ ಆ ಗುಂಡಿಗೆ ನೀರು ತುಂಬುವುದನ್ನು ಇಲ್ಲಿಂದಲೇ ನೋಡುವವಳ ಹಾಗಿದ್ದಳು.

ಈ ಸೋಮವಾರ ಬೆಳಿಗ್ಗೆ ನಾನು ಹಿತ್ತಲಲ್ಲಿದ್ದೆ. ಅದೇ ಕರಿಬೇವು. ಗೇಟಿನ ಹತ್ತಿರ ಸೈಕಲ್ ಬೆಲ್ಲು.

"ಎಂಜಿನಿಯರಮ್ಮ ಇದ್ದಾರಾ?"

ಗಫೂರ್ ಮೇಸ್ತ್ರಿ. ನಾನು ಸೆರಗಿಗೆ ಕೈ ಒರೆಸಿಕೊಂಡು ಬಂದೆ.

"ಏನಂದ್ರಪ್ಪ ನಿಮ್ಮ ಓನರ್ರು?"

"'ನೀರು ಎತ್ತಾಕಿ ಅಗೀರಿ' ಅಂದ್ರು ಅಮ್ಮ. ಗಟ್ಟಿ ಸಿಕ್ಕಿದೆ. ಇದೇ ಗಟ್ಟಿನಾ, ಇನ್ನೂ ಕೆಳಕ್ಕೆ ಹೋಗ್ಬೇಕಾ ಅಂತ ಎಂಜಿನಿಯರಮ್ಮ ಬಂದು ನೋಡಿ ಹೇಳಿದ್ ಮ್ಯಾಲೇ ಕಲ್ಲು ಇಡು ಅಂತ ಕಂಡೀಷನ್ ಹಾಕವ್ರೆ. ಅದಕ್ಕೇ ಕರ್ಕೊಂಡೋಗೋಣ ಅಂತ ಬಂದೆ."

ಆಮೇಲೆ ನನ್ನ ಕೈಯಲ್ಲಿದ್ದ ಕರಿಬೇವು ನೋಡಿ ಕಣ್ಣು ಮಿಟುಕಿಸಿದರು. "ನೀವು ಬರ್ತೀರಾ, ಅವರು ಬರ್ತಾರಾ?"

ನಾನು ಒಳಕ್ಕೆ ತಿರುಗಿ ಕರೆದೆ. ಗಟ್ಟಿಯಾಗಿಯೇ ಕರೆದೆ. "ಎಂಜಿನಿಯರಮ್ಮ! ನಿಮ್ಮನ್ನ ಕೇಳ್ಕೊಂಡು ಬಂದವ್ರೆ!"

ಎದುರುಮನೆಯ ಬಾಗಿಲು ತೆರೆಯಿತು. ಹೂವಿನವಳು ತಿರುಗಿ ನೋಡಿದಳು. ವೀಣಾ ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಅಳತೆಪಟ್ಟಿ ಹಿಡಿದು ಓಡಿ ಬಂದು ಮೊಪೆಡ್ ಏರಿದಳು. ಹಿಂದಿನಿಂದ ಮಹೇಶ ಅವಳ ತಿಂಡಿ ಡಬ್ಬ ಹಿಡಿದು ಗೇಟಿನ ತನಕ ಓಡಿದ.

ಚಿನ್ನು, ನಿನ್ನ ಪ್ರಶ್ನೆಗೆ ಉತ್ತರ ಇದು: ಅಜ್ಜಿ ಎಂಜಿನಿಯರ್ ಅಲ್ಲ ಕಂದ, ನಿಮ್ಮಮ್ಮ ಎಂಜಿನಿಯರು. ನಾನು ಗೌರಮ್ಮ, ಅಷ್ಟೇ. ಕಾರ್ಡಿನಲ್ಲಿ ಅಚ್ಚಾಗಿದೆ ಬೇಕಾದರೆ ನೋಡು.

ಇನ್ನು ಬೀದಿಯವರಿಗೆ ನನ್ನದೊಂದು ಪ್ರಶ್ನೆ. ಎಂಜಿನಿಯರನ ಹೆಂಡತಿಗೆ ಒಂದು ದಿನವೂ ತಡಮಾಡದೆ ಹೆಸರಿಟ್ಟವರು ನೀವು. ತಿಂಡಿ ಡಬ್ಬ ಹಿಡಿದು ಗೇಟಿನಲ್ಲಿ ನಿಂತ ಎಂಜಿನಿಯರಮ್ಮನ ಗಂಡನನ್ನು ಏನಂತ ಕರೆಯುತ್ತೀರಿ?